ಮಂಗಳವಾಗದ ಸಿನಿಮಾ

ಮಸ್ಕಿಯ ಸುತ್ತಲಿನ ಊರುಗಳಲ್ಲಿ ಜಂಬಣ್ಣ ಮಾಸ್ತರನ ಬಯಲಾಟ ನೋಡದೆ ಬೆಳೆದವರು ಆ ಕಾಲದಲ್ಲಿ ಇರಲಿಲ್ಲ. ಆಟ ಕಲಿಸುವವನೂ ಅವನೇ, ರಂಗದ ಮೇಲೆ ಸಾರಥಿಯಾಗಿ ನಿಲ್ಲುವವನೂ ಅವನೇ. ಬಯಲಾಟದ ಸಾರಥಿ ಕುದುರೆ ಹೊಡೆಯುವವನಲ್ಲ. ರಂಗಕ್ಕೆ ಯಾರು ಬಂದರೂ, ರಾಜನಿರಲಿ ರಾಕ್ಷಸನಿರಲಿ, ಎದುರಿಗೆ ನಿಂತು, ‘ಬಂದಂಥವರು ತಾವು ದಾರು? ತಮ್ಮ ನಾಮಾಂಕಿತವೇನು? ಈ ಸಭೆಗೆ ಬಂದ ಕಾರಣವೇನು?’ ಎಂದು ಕೇಳುವವನು. ಕೇಳಿದ ಮೇಲೆ ಬಂದವನು ತಾನು ಯಾರು, ಏನು ಮಾಡಿ ಬಂದೆ, ಏನು ಮಾಡಲಿಕ್ಕೆ ಬಂದೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕು. ಆಮೇಲೆ ಆಟದಲ್ಲಿ ಎಷ್ಟು ಮೋಸ ಮಾಡಿದರೂ ನಡೆಯುತ್ತದೆ, ಸಾರಥಿಗೆ ಮಾತ್ರ ಸುಳ್ಳು ಹೇಳುವಂತಿಲ್ಲ. ಹೊಸದಾಗಿ ಬಣ್ಣ ಹಚ್ಚಲು ಬಂದವರಿಗೆ ಜಂಬಣ್ಣ ಮೊದಲ ದಿನವೇ ಹೇಳುತ್ತಿದ್ದ: “ಕುಣಿತ ತಪ್ಪಿದ್ರ ಮಂದಿ ನಗ್ತಾರ. ಸಾರಥಿ ಮುಂದ ಸುಳ್ಳ ಹೇಳಿದ್ರ ರಂಗನ ನಗ್ತೈತಿ.”

ಇನ್ನೊಂದು ಕಟ್ಟಳೆ ಆಟದ ಕೊನೆಯದು. ಸತ್ತವರು ಎದ್ದು ಬರಬೇಕು, ಕೊಂದವರ ಪಕ್ಕದಲ್ಲೇ ನಿಲ್ಲಬೇಕು, ಎಲ್ಲರೂ ಕೂಡಿ ಮಂಗಳ ಹಾಡಬೇಕು. ಮಂಗಳ ಆಗದೆ ಎದ್ದು ಹೋದವರ ಮನೆಗೆ ಒಳ್ಳೆಯದಾಗುವುದಿಲ್ಲವೆಂದು ಮಂದಿ ನಂಬಿದ್ದರು. ಹೀಗಾಗಿ ಎಂಥ ನಿದ್ದೆಬಡುಕನೂ ತೂಕಡಿಸುತ್ತಲೇ ಕೂತಿರುತ್ತಿದ್ದ.

ಇಂಥ ಜಂಬಣ್ಣನ ಕೈಗೆ ಸಿನಿಮಾದ ಮೈಕು ಬಂದದ್ದು ಎಂಬತ್ತಾರನೆಯ ಇಸವಿಯ ಬೇಸಿಗೆ ಬೆಳೆಯ ಹೊತ್ತಿನಲ್ಲಿ. ಸಿಂಧನೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಗೋಪಣ್ಣ ಮತ್ತು ಅವನ ಗೆಳೆಯರು ಒಂದು ಚಿತ್ರ ಸಮಾಜ ಕಟ್ಟಿಕೊಂಡು, ಹೊರದೇಶದ ಸಿನಿಮಾ ತರಿಸಿ ಊರೂರಿಗೆ ತೋರಿಸುತ್ತಿದ್ದರು. ಆ ಸಲ ಬಂದದ್ದು ಪೋರ್ಚುಗೀಸ್ ಭಾಷೆಯದು. ಗೋಪಣ್ಣ ಅದಕ್ಕೆ ‘ನೀರಿನ ಪಾಳಿ’ ಎಂದು ಕನ್ನಡದ ಹೆಸರಿಟ್ಟಿದ್ದ. ಸಮುದ್ರದಾಚೆಯ ಯಾವುದೋ ದೇಶ, ಅಲ್ಲೊಂದು ಕಾಲುವೆ. ಕಾಲುವೆಯ ಮೇಲ್ಭಾಗದ ಜಮೀನುದಾರ ಏರಿಯಲ್ಲಿ ಕಳ್ಳ ಪೈಪು ಹೂತು ನೀರೆಲ್ಲ ಎಳೆದುಕೊಳ್ಳುತ್ತಾನೆ. ಕೆಳಭಾಗದ ಹೊಲಗಳು ಒಣಗುತ್ತವೆ. ಕೆಳಗಿನ ಒಬ್ಬ ಮುದುಕಿಯ ಮಗ ಕೇಳಲು ಹೋಗಿ ಜೀವ ಕಳೆದುಕೊಳ್ಳುತ್ತಾನೆ. ಕಥೆ ಇಷ್ಟೇ.

ಲಿಂಗಸುಗೂರಿನಲ್ಲಿ ತೋರಿಸಿದಾಗ ಮಂದಿ ಹಾಡು ಈಗ ಬಂದೀತು, ಹೊಡೆದಾಟ ಆಗ ಬಂದೀತು ಎಂದು ಕಾದು ಅರ್ಧಕ್ಕೇ ಎದ್ದು ಚಹಾ ಕುಡಿಯಲು ಹೋದರು. ಕೆಳಗೆ ಮೂಡುವ ಇಂಗ್ಲಿಷ್ ಅಕ್ಷರ ಓದುವವರು ಯಾರು? ಗೋಪಣ್ಣ ಪಾಠ ಕಲಿತ. ಮಸ್ಕಿಗೆ ಬರುವಾಗ ಜಂಬಣ್ಣನ ಮನೆಗೇ ಬಂದು ಕಥೆಯನ್ನು ಬಿಡಿಸಿ ಹೇಳಿ, “ಮಾಸ್ತರ, ಪಡದಿ ಬಾಜು ನಿಂತು ನಿಮ್ಮ ಭಾಷೆದಾಗ ಹೇಳಿಬಿಡ್ರಿ. ನೀವು ಹೇಳಿದ್ರ ಮಂದಿ ಏಳೂದಿಲ್ಲ” ಎಂದ. ಊರ ಹೊರಗೆ ಟೂರಿಂಗ್ ಟಾಕೀಸಿನ ಡೇರೆ ಹಾಕಿದ್ದ ಕಲ್ಯಾಣಮ್ಮ, ಮಂದಿ ಕಡಿಮೆ ಬರುವ ಒಂದು ದಿನದ ಮೊದಲನೆಯ ಆಟವನ್ನು ಬಿಟ್ಟುಕೊಡಲು ಒಪ್ಪಿದಳು. ಗಂಡ ಸತ್ತ ಮೇಲೆ ಡೇರೆ ನಡೆಸಿಕೊಂಡು ಬಂದ ಹೆಂಗಸು ಅವಳು, ಯಾರಿಗೂ ಹೆದರಿದವಳಲ್ಲ.

ಹೆದರಿದವನು ಊರ ಧಣಿ ಬಸವಂತರಾಯ. ಉಪಕಾಲುವೆಯ ಬಾಯಿಗೇ ಅವನ ಗದ್ದೆಗಳು. ಏರಿಯೊಳಗೆ ಅವನ ಪೈಪು ಹೂತದ್ದು ಊರಿಗೆಲ್ಲ ಗೊತ್ತು, ಕಾಲುವೆ ಕಾಯುವ ಗ್ಯಾಂಗ್‌ಮನ್ನನಿಗಂತೂ ಹೂತ ಜಾಗ ಸಮೇತ ಗೊತ್ತು. ಬಾಯಿ ಬಿಟ್ಟು ಹೇಳಿದವರು ಮಾತ್ರ ಯಾರೂ ಇಲ್ಲ. ಲಿಂಗಸುಗೂರಿನ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ಬಸವಂತರಾಯ ಜಂಬಣ್ಣನಿಗೆ ಹೇಳಿಕಳಿಸಿದ.

ಜಂಬಣ್ಣ ಹೋಗದೆ ಇರುವಂತಿರಲಿಲ್ಲ. ಆಟದ ಕಿರೀಟ, ಭುಜಕೀರ್ತಿ, ಎದೆಹಲಗೆ ಎಲ್ಲ ತುಂಬಿದ ದೊಡ್ಡ ಪೆಟ್ಟಿಗೆ ಬಸವಂತರಾಯನ ಅಜ್ಜನ ಕಾಲದಿಂದ ಆ ಮನೆಯಲ್ಲೇ ಇತ್ತು. ವರ್ಷಕ್ಕೊಮ್ಮೆ ಆಟ ನಡೆಯುವುದು ಅವನ ಕಣದಲ್ಲೇ. ಅದೂ ಅಲ್ಲದೆ ಈ ಸಲದ ಆಟ ಜಂಬಣ್ಣ ತಾನೇ ಕಟ್ಟಿದ್ದು. ಇಷ್ಟು ವರ್ಷ ಹಿರಿಯರು ಬರೆದಿಟ್ಟ ಆಟ ಕಲಿಸಿದವನು, ತಲೆ ನರೆತ ಮೇಲೆ ಒಂದು ಹೊಸ ಆಟ ಕಟ್ಟಿ, ಸುಗ್ಗಿಯಿಂದ ತಾಲೀಮು ಮಾಡಿಸುತ್ತಿದ್ದ. ಬರುವ ಅಮಾವಾಸ್ಯೆಗೆ ಆಟ. ಅದೊಂದು ರಂಗಕ್ಕೇರಿದರೆ ಸಾಕು, ಆಮೇಲೆ ಕಣ್ಣು ಮುಚ್ಚಿದರೂ ಚಿಂತೆಯಿಲ್ಲ ಎಂದು ಹೆಂಡತಿ ಆದಮ್ಮನ ಮುಂದೆ ಎಷ್ಟು ಸಲ ಅಂದಿದ್ದನೋ.

ಬಸವಂತರಾಯ ಪಡಸಾಲೆಯಲ್ಲಿ ಪೆಟ್ಟಿಗೆ ತೆಗೆಸಿಕೊಂಡೇ ಕೂತಿದ್ದ. ಆಳು ಕಿರೀಟ ಒರೆಸುತ್ತಿದ್ದ.

“ಕಿರೀಟಕ್ಕ ಹೊಸಾ ಕನ್ನಡಿ ಹಚ್ಚಸಾಕತ್ತೀನಿ ಜಂಬಣ್ಣ. ನಿನ್ನ ಆಟಕ್ಕ” ಎಂದ ಬಸವಂತರಾಯ.

“ದೊಡ್ಡ ಮನಸ್ಸು ಧಣಿ.”

“ಗೋಪಣ್ಣ ಮೇಷ್ಟ್ರು ನಿನ್ನ ಕೈಯಾಗ ಮೈಕ್ ಕೊಡ್ತಾರಂತ.”

“ಹೌದ್ರಿ. ಆ ಭಾಷೆ ಯಾರಿಗೂ ತಿಳ್ಯೂದಿಲ್ಲ. ಕಥಿ ಹೇಳ್ಕೋತ ಹೋಗು ಅಂದಾರ್ರಿ.”

“ಹೇಳು. ನಾ ಬ್ಯಾಡ ಅನ್ನೂದಿಲ್ಲ. ಆದ್ರ ಪೈಪು, ತೂಬು ಅನ್ನಾಕ ಹೋಗಬ್ಯಾಡ. ಅಣ್ಣತಮ್ಮರ ಜಗಳ ಅನ್ನು. ಹಿರ್ಯಾನ ಮಾತ ಕೇಳದ ತಮ್ಮ ಕೆಟ್ಟ ಅನ್ನು. ಯಾರಿಗೆ ಗೊತ್ತಾಗತೈತಿ?”

ಜಂಬಣ್ಣ ನೆಲ ನೋಡುತ್ತ ನಿಂತ. ಬಸವಂತರಾಯ ದನಿ ಏರಿಸುವ ಮನುಷ್ಯನಲ್ಲ. ಆಳಿನ ಕೈಯಿಂದ ಕಿರೀಟ ಇಸಿದುಕೊಂಡು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದ. “ಉಂಡ ಮನಿ ಜಂತಿ ಎಣಿಸಬಾರ್ದು ನೋಡಪಾ” ಎಂದಷ್ಟೇ ಹೇಳಿದ.

ಮನೆಗೆ ಬಂದು ಜಂಬಣ್ಣ ಆದಮ್ಮನಿಗೆ ಇದ್ದದ್ದನ್ನು ಹೇಳಿದ. ಆದಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಅವಳ ಅಕ್ಕ ಹುಸೇನಮ್ಮನ ಗದ್ದೆ ಅದೇ ಉಪಕಾಲುವೆಯ ಕಟ್ಟಕಡೆಗೆ. ನೆಲ್ಲು ತೆನೆ ಕಟ್ಟುವ ಹೊತ್ತಿಗೆ ನೀರಿಲ್ಲದೆ ನೆಲ ಬಿರಿಯುತ್ತಿತ್ತು.

“ನಮ್ಮಕ್ಕನ ನೆಲ್ಲು ಸುಟ್ಟು ಹೋಗಾಕತ್ತೈತಿ. ನೀವು ಅಣ್ಣತಮ್ಮರ ಕಥಿ ಹೇಳ್ರಿ” ಎಂದಳು ಆದಮ್ಮ.

“ಸಿನಿಮಾ ಹೇಳಿದ್ರ ನೀರು ಬರತೈತೇನು?”

“ಇಲ್ಲ. ಹೇಳಲಿಲ್ಲಂದ್ರೂ ಬರೂದಿಲ್ಲ. ನಿಮ್ಮ ಆಟರ ಆಗ್ಲಿ ಬಿಡ್ರಿ.”

ಅವಳು ಚುಚ್ಚಲಿಕ್ಕೆ ಅಂದಳೋ ಮನಸಾರೆ ಅಂದಳೋ ಜಂಬಣ್ಣನಿಗೆ ತಿಳಿಯಲಿಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಅವನು ಒಂದು ದಾರಿ ಹುಡುಕಿಕೊಂಡ. ಅಣ್ಣತಮ್ಮರ ಜಗಳವೆಂದೇ ಹೇಳುವುದು, ಆದರೆ ತಮ್ಮನನ್ನು ಬಹಳ ಬೈಯದೆ ಹೇಳುವುದು. ಇಂಥ ದಾರಿಗಳು ಹುಡುಕಿದವನಿಗೆ ಮಾತ್ರ ಚೆಂದ ಕಾಣುತ್ತವೆ.

ಆ ದಿನ ಸಂಜೆ ಕಲ್ಯಾಣಮ್ಮ ಡೇರೆಯ ತುದಿಗೆ ಕಟ್ಟಿದ ಧ್ವನಿವರ್ಧಕದ ಕಹಳೆಯಲ್ಲಿ ದೇವರ ಹಾಡು ಹಚ್ಚಿದಳು. ಆ ಹಾಡು ಕೇಳಿತೆಂದರೆ ಟಿಕೆಟ್ ಶುರು ಎಂದು ಸುತ್ತಲಿನ ಊರಿಗೆಲ್ಲ ಗೊತ್ತು. ಜಂಬಣ್ಣ ಮಾಸ್ತರ ಮಾತಾಡುತ್ತಾನೆಂಬ ಸುದ್ದಿಗೆ ಕಾಲುವೆಯ ಕೆಳಭಾಗದವರು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ತುಂಬಿಕೊಂಡು ಬಂದರು. ನಡುವೆ ಹಗ್ಗ ಕಟ್ಟಿ, ಆ ಕಡೆ ಹೆಂಗಸರು, ಈ ಕಡೆ ಗಂಡಸರು, ಎಲ್ಲರೂ ಮರಳಿನ ಮೇಲೆ. ಹಿಂದೆ ನಾಲ್ಕಾರು ಕುರ್ಚಿ. ನಡುವಿನ ಕುರ್ಚಿಯಲ್ಲಿ ಬಸವಂತರಾಯ ಬಂದು ಕೂತು, ಶಲ್ಯ ಸರಿಮಾಡಿಕೊಂಡು ಜಂಬಣ್ಣನಿಗೆ ಕಾಣುವಂತೆ ಸ್ವಲ್ಪ ತಲೆ ಆಡಿಸಿದ.

ಗೋಪಣ್ಣ ಪ್ರೊಜೆಕ್ಟರ್ ಹಚ್ಚಿದ. ಪರದೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಜಂಬಣ್ಣ ಶುರು ಮಾಡಿದ. “ಕೇಳ್ರಪಾ ಕೇಳ್ರಿ. ಒಂದಾನೊಂದು ಊರಾಗ ಇಬ್ರು ಅಣ್ಣತಮ್ಮರು ಇದ್ರು...” ಪರದೆಯ ಮೇಲೆ ಹೊಲ, ಬಿಸಿಲು, ಕೊಡ ಹೊತ್ತ ಹೆಂಗಸರು. ಗೋಪಣ್ಣ ಗಾಬರಿಯಿಂದ ಕತ್ತು ಉದ್ದ ಮಾಡಿ ನೋಡಿದ. ತಾನು ಹೇಳಿಕೊಟ್ಟ ಕಥೆಯಲ್ಲಿ ಅಣ್ಣತಮ್ಮರು ಇರಲೇ ಇಲ್ಲ. ಜಂಬಣ್ಣ ಅವನ ಕಡೆ ನೋಡದೆ ಮುಂದುವರಿದ. ಮಂದಿ ಕೇಳಿದರು. ದನಿ ಜಂಬಣ್ಣನದು, ನಂಬದೆ ಏನು ಮಾಡಿಯಾರು? ಹಿಂದಿನ ಕುರ್ಚಿಯಲ್ಲಿ ಬಸವಂತರಾಯ ಕಾಲಮೇಲೆ ಕಾಲು ಹಾಕಿಕೊಂಡ.

ಹೀಗೇ ನಡೆದಿದ್ದರೆ ಎಲ್ಲ ಸುಸೂತ್ರವಾಗಿ ಮುಗಿಯುತ್ತಿತ್ತು, ಆದರೆ ಆ ಸಿನಿಮಾದಲ್ಲಿ ಜಮೀನುದಾರ ಮೊದಲ ಸಲ ಬರುವಾಗ ಹಿಂದೆ ಡೊಳ್ಳಿನಂಥ ವಾದ್ಯ ಬಡಿಯುತ್ತದೆ. ಬಯಲಾಟದಲ್ಲೂ ದೊಡ್ಡ ಪಾತ್ರ ರಂಗಕ್ಕೆ ಬರುವುದು ಅಂಥದೇ ಬಡಿತಕ್ಕೆ. ವಾದ್ಯ ಕಿವಿಗೆ ಬಿದ್ದ ಕೂಡಲೇ ಜಂಬಣ್ಣ ತನಗರಿವಿಲ್ಲದೆ ಸ್ಟೂಲಿನಿಂದ ಎದ್ದು ನಿಂತ, ಪರದೆಯ ಕಡೆ ತಿರುಗಿದ, ಎಡಗೈ ಸೊಂಟಕ್ಕೆ ಹೋಯಿತು. ಆ ಬಡಿತ ಕೇಳಿದಾಗಲೆಲ್ಲ ಅವನ ಬಾಯಿಗೆ ಬರುವ ಮಾತೇ ಬಂತು.

“ಭಲಾ! ಬಂದಂಥವರು ತಾವು ದಾರು? ತಮ್ಮ ನಾಮಾಂಕಿತವೇನು? ಈ ಸಭೆಗೆ ಬಂದ ಕಾರಣವೇನು?”

ಕೇಳಿದ ಮೇಲೆ ಉತ್ತರಕ್ಕೆ ಜಾಗ ಬಿಡುವುದೂ ಅವನ ರೂಢಿಯೇ. ಬಿಟ್ಟ. ಪರದೆಯ ಮೇಲೆ ಜಮೀನುದಾರ ಕುದುರೆ ಮೇಲಿಂದ ಪೋರ್ಚುಗೀಸಿನಲ್ಲಿ ಏನೋ ಗದರಿದ. ಇಡೀ ಮಂದಿ ಉತ್ತರಕ್ಕೆ ಕಾದು ಕೂತಿತ್ತು, ಉತ್ತರ ಹೇಳಬೇಕಾದವನೂ ಜಂಬಣ್ಣನೇ. ‘ನಾನು ಹಿರಿಯಣ್ಣ’ ಎಂಬ ಮಾತು ನಾಲಗೆಯ ತುದಿಗೆ ಬಂದು ನಿಂತಿತು. ಆವರೆಗೆ ಹೇಳಿದ್ದು ಬರೀ ಕಥೆ. ಈಗ ಕೇಳಿದವನು ಸಾರಥಿ. ಸಾರಥಿಗೆ ಸುಳ್ಳು ಹೇಳಿದ ಒಂದು ಪಾತ್ರವನ್ನೂ ಅವನು ತನ್ನ ಜೀವಮಾನದಲ್ಲಿ ರಂಗಕ್ಕೆ ಬಿಟ್ಟಿರಲಿಲ್ಲ.

ಆಗ ಹೆಂಗಸರ ಕಡೆಯಿಂದ ಹುಸೇನಮ್ಮ, ಬಾವಿಕಟ್ಟೆಯ ಮೇಲೆ ಮಾತಾಡುವಷ್ಟೇ ಸಮಾಧಾನದಿಂದ, “ಮ್ಯಾಲಿನ ತೂಬಿನ ಧಣಿ ಅದಾನ ಜಂಬಣ್ಣ. ಕುದುರಿ ಕಾಲ ಕೆಳಗ ನೋಡು, ಪೈಪು ಕಾಣಾಕತ್ತೈತಿ” ಎಂದಳು.

ನಿಜಕ್ಕೂ ಕಾಣುತ್ತಿತ್ತು. ಮಂದಿ ನಕ್ಕಿತು. ನಕ್ಕವರಲ್ಲಿ ಒಬ್ಬರೂ ಹಿಂದಕ್ಕೆ ತಿರುಗಿ ಕುರ್ಚಿಯ ಕಡೆ ನೋಡಲಿಲ್ಲ, ಆದರೆ ಎಲ್ಲರ ಗಮನವೂ ಅಲ್ಲೇ ಇತ್ತು. ಜಂಬಣ್ಣ ಮಾತ್ರ ನೋಡಿದ. ಬಸವಂತರಾಯ ಬೆರಳೆತ್ತಿ ನಿಧಾನಕ್ಕೆ ಅಲ್ಲಾಡಿಸುತ್ತಿದ್ದ. ಆ ಬೆರಳಿನಲ್ಲಿ ಜಂಬಣ್ಣನಿಗೆ ಕಂಡದ್ದು ಹೊಸ ಕನ್ನಡಿಯ ಕಿರೀಟ, ಅಮಾವಾಸ್ಯೆಯ ಆಟ, ತನ್ನ ಸುಗ್ಗಿಯಿಂದೀಚಿನ ದುಡಿಮೆ. ಹೋಯಿತು ಎಂದುಕೊಂಡ. ಹೋಯಿತು ಎಂದುಕೊಂಡ ಮೇಲೆ ಹೆದರಲು ಏನೂ ಉಳಿಯಲಿಲ್ಲ.

ಅವನು ರಾಕ್ಷಸನ ಪಾತ್ರಕ್ಕೆ ಇಟ್ಟುಕೊಂಡಿದ್ದ ದೊಡ್ಡ ದನಿ ತೆಗೆದ. “ಎಲೈ ಸಾರಥಿ! ಈ ಕಾಲುವೆಯ ಮೇಲ್ತಲೆಗೆ ಒಡೆಯನಾದವನು ನಾನು! ಹಗಲಿನಲ್ಲಿ ಪಾಳಿಯ ನ್ಯಾಯ ಹೇಳುವವನು, ಕತ್ತಲಾದ ಮೇಲೆ ಪೈಪಿನ ಬಾಯಿ ತೆಗೆಯುವವನು! ಕೆಳಗಿನವರ ತೆನೆಯೊಳಗಿನ ಹಾಲನ್ನು ನನ್ನ ಗದ್ದೆಗೆ ಹರಿಸಿಕೊಂಡವನು! ಇನ್ನೂ ಹರಿಸಿಕೊಳ್ಳಲಿಕ್ಕೆ ಈ ಸಭೆಗೆ ಬಂದಿರುವೆನೋ ಸಾರಥಿ!”

ಡೇರೆ ಹೋ ಎಂದಿತು. ಗೋಪಣ್ಣ ಪ್ರೊಜೆಕ್ಟರಿನ ಹಿಂದೆ ಉಸಿರು ಬಿಟ್ಟ. ಅಲ್ಲಿಂದ ಮುಂದೆ ಅಣ್ಣತಮ್ಮರು ಯಾರಿಗೂ ನೆನಪಿಗೆ ಬರಲಿಲ್ಲ. ಪರದೆಗೆ ಯಾರು ಬಂದರೂ ಜಂಬಣ್ಣ ಕೇಳುವುದು, ಮಂದಿಯಲ್ಲಿ ಬಾಯಿದ್ದವರು ಹೇಳುವುದು. ಟೊಪ್ಪಿಗೆಯವನೊಬ್ಬ ಕಾಲುವೆ ಏರಿಯ ಮೇಲೆ ಬಂದರೆ ಗಂಡಸರ ಕಡೆಯಿಂದ, “ಗ್ಯಾಂಗ್‌ಮನ್! ಅವನ ಕಿಸೆ ನೋಡ್ರಿ, ಉಬ್ಬೈತಿ” ಎಂಬ ಉತ್ತರ. ಪರದೆಯ ಮೇಲೆ ಹುಸೇನಮ್ಮನ ವಯಸ್ಸಿನ ಮುದುಕಿ ಒಣಗಿದ ಪೈರಿನ ಬುಡ ಕಿತ್ತು ಮೂಸಿ ನೋಡಿದಾಗ ಮಾತ್ರ ಜಂಬಣ್ಣ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಹೆಂಗಸರ ಕಡೆ ಒಬ್ಬಿಬ್ಬರು ಸೆರಗು ಕಣ್ಣಿಗೆ ಒತ್ತಿಕೊಂಡರು.

ಕೊನೆಗೆ ಮಗ ಸತ್ತ. ಮುದುಕಿ ತೂಬಿನ ಕಟ್ಟೆಯ ಮೇಲೆ ಹೋಗಿ ಕೂತಳು. ನೀರು ಮೇಲಿನ ಗದ್ದೆಗೇ ಹರಿಯುತ್ತಿತ್ತು. ಹಾಗೇ ಸಿನಿಮಾ ಮುಗಿದು ಪರದೆ ಬೆಳ್ಳಗಾಯಿತು. ಕಲ್ಯಾಣಮ್ಮ ದೀಪ ಹಚ್ಚಿದಳು.

ಒಬ್ಬರೂ ಏಳಲಿಲ್ಲ.

ಗೋಪಣ್ಣನಿಗೆ ಏನೆಂದು ತಿಳಿಯಲಿಲ್ಲ. “ಮುಗೀತ್ರಿ” ಎಂದ. ಮಂದಿ ಅವನನ್ನು ನೋಡಿತು, ಜಂಬಣ್ಣನನ್ನು ನೋಡಿತು. ಸಾರಥಿ ಬಂದು ಕೇಳಿದ್ದಾನೆ, ಪಾತ್ರಗಳು ಹೇಳಿವೆ, ಅಂದ ಮೇಲೆ ಇದು ಆಟ. ಮಂಗಳ ಆಗದೆ ಏಳುವುದು ಹೇಗೆ? ಹಿಂದಿನ ಕುರ್ಚಿಯಲ್ಲಿ ಬಸವಂತರಾಯನೂ ಕೂತೇ ಇದ್ದ. ದಿನಾ ಲಿಂಗಪೂಜೆ ಮಾಡದೆ ನೀರು ಮುಟ್ಟದ ಮನುಷ್ಯ, ಮಂಗಳದ ವಿಷಯದಲ್ಲಿ ಅವನ ಹೆದರಿಕೆ ಉಳಿದವರಿಗಿಂತ ಒಂದು ಗುಲಗಂಜಿ ಹೆಚ್ಚೇ.

“ಜಂಬಣ್ಣ, ಮಂಗಳ ಹಾಡಿ ಮುಗಸು” ಎಂದ ಬಸವಂತರಾಯ. ದನಿ ಮೆತ್ತಗೇ ಇತ್ತು. “ಆದದ್ದು ಆತು. ಹಾಡಿಬಿಡು. ಪೆಟಿಗಿ ಮಾತು ನಾಳೆ ಆಡೂಣು.”

ಜಂಬಣ್ಣನಿಗೆ ಅರ್ಥವಾಯಿತು. ಬಾಗಿಲು ಇನ್ನೂ ಪೂರ್ತಿ ಹಾಕಿಲ್ಲ. ಮಂಗಳ ಹಾಡಿದರೆ ನಡೆದದ್ದೆಲ್ಲ ಬರೀ ಆಟವಾಗುತ್ತದೆ, ಮಂದಿ ಕೈಮುಗಿದು ಮನೆಗೆ ಹೋಗುತ್ತದೆ, ಕಿರೀಟ ಪೆಟ್ಟಿಗೆಯಿಂದ ಹೊರಗೆ ಬಂದರೂ ಬಂದೀತು. ಹಗ್ಗದ ಆಚೆ ಆದಮ್ಮ ಅವನನ್ನೇ ನೋಡುತ್ತಿದ್ದಳು.

ಜಂಬಣ್ಣ ಮೈಕನ್ನು ಸ್ಟೂಲಿನ ಮೇಲಿಟ್ಟ. “ಸತ್ತಾಂವ ಎದ್ದು ಬಂದಿಲ್ರಿ ಧಣಿ. ಕೊಂದಾಂವ ಬಂದು ಬಾಜುಕ ನಿಂತಿಲ್ಲ. ಮುದುಕಿ ಇನ್ನೂ ತೂಬಿನ ಮ್ಯಾಲೆ ಕುಂತಾಳ. ಮಂಗಳ ಹ್ಯಾಂಗ ಹಾಡ್ಲಿ? ಆಟ ಮುಗದಿಲ್ರಿ.”

ಆಮೇಲೆ ಬಸವಂತರಾಯ ಎದ್ದ. ಶಲ್ಯ ಹೆಗಲಿಗೆ ಹಾಕಿಕೊಂಡು, ಯಾರನ್ನೂ ನೋಡದೆ, ಡೇರೆಯ ಬಾಗಿಲು ದಾಟಿ ಹೋದ. ಮಂಗಳವಾಗದೆ ಧಣಿ ಎದ್ದು ಹೋದದ್ದನ್ನು ಮಸ್ಕಿ ಮೊದಲ ಸಲ ನೋಡಿತು. ಉಳಿದವರು ಇನ್ನೂ ಸ್ವಲ್ಪ ಹೊತ್ತು ಕೂತರು. ಕೂತವರು ಸುಮ್ಮನೆ ಕೂಡುವುದುಂಟೆ? ನಿನ್ನ ಗದ್ದೆಗೆ ನೀರು ಯಾವಾಗ ಬಂದಿತ್ತು, ನನ್ನದಕ್ಕೆ ಯಾವಾಗ ಎಂಬ ಮಾತು ಹಗ್ಗದ ಈಚೆಗೂ ಆಚೆಗೂ ಓಡಾಡಿತು. ಕಲ್ಯಾಣಮ್ಮ ಎರಡನೆಯ ಆಟಕ್ಕೆ ಹೊತ್ತಾಯಿತೆಂದು ಗದರಿದ ಮೇಲೆಯೇ ಅವರು ಎದ್ದದ್ದು. “ಮಂಗಳ ಬಾಕಿ ಐತಿ, ನೆನಪಿಟ್ಕೊಳ್ರಿ” ಎಂದು ಹೇಳಿಕೊಳ್ಳುತ್ತಲೇ ಟ್ರೇಲರ್ ಹತ್ತಿದರು.

ಮರುದಿನ ಬೆಳಿಗ್ಗೆ ಎರಡು ಕೆಲಸವಾದವು. ಒಂದು, ಬಸವಂತರಾಯನ ಆಳು ಬಂದು ಪೆಟ್ಟಿಗೆಗೆ ಬೀಗ ಬಿತ್ತೆಂದೂ ಕಣದಲ್ಲಿ ಈ ಸಲ ಆಟವಿಲ್ಲವೆಂದೂ ಹೇಳಿಹೋದ. ಜಂಬಣ್ಣ ಗೋಡೆಗೆ ಒರಗಿ ಕೂತುಬಿಟ್ಟ. ಗೊತ್ತಿದ್ದ ಸುದ್ದಿಯಾದರೂ ಅಳು ಬಂತು, ಅತ್ತ. ಆದಮ್ಮ ಪಕ್ಕದಲ್ಲಿ ಕೂತು ಅವನ ಬೆನ್ನ ಮೇಲೆ ಕೈಯಿಟ್ಟಳು.

ಇನ್ನೊಂದು, ಅದೇ ಟ್ರೇಲರುಗಳು ಸಿಂಧನೂರಿನ ನೀರಾವರಿ ಕಚೇರಿಗೆ ಹೋದವು. ಮುಂದೆ ಹುಸೇನಮ್ಮ. ಮಂದಿ ಕಚೇರಿಯ ಅಂಗಳದಲ್ಲಿ ಡೇರೆಯಲ್ಲಿ ಕೂತ ಹಾಗೆಯೇ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ ಕೂತಿತು. ಕೂಗಾಟವಿಲ್ಲ, ಜಗಳವಿಲ್ಲ. ಸಾಹೇಬರು ಹೊರಗೆ ಬಂದು, ಯಾವಾಗ ಏಳುತ್ತೀರಿ ಎಂದು ಕೇಳಿದರು.

“ಮಂಗಳ ಆದ ಮ್ಯಾಲೆ ಏಳ್ತೀವ್ರಿ” ಎಂದಳು ಹುಸೇನಮ್ಮ.

ಸಾಹೇಬರಿಗೆ ಮಂಗಳವೆಂದರೆ ಏನೆಂದು ಬಿಡಿಸಿ ಹೇಳುವುದರಲ್ಲಿ ಪೈಪಿನ ಕಥೆಯೂ ಹೊರಬಿತ್ತು. ಇಷ್ಟು ಮಂದಿಯ ಬಾಯಿಂದ ಒಂದೇ ಸಲ ಹೊರಬಿದ್ದದ್ದನ್ನು ಕೇಳಿಲ್ಲ ಎನ್ನುವ ಹಾಗಿರಲಿಲ್ಲ. ಜೀಪು ಬಂತು, ಏರಿ ಅಗೆಸಿದರು, ಪೈಪು ಮೇಲೆದ್ದಿತು.

ಅಮಾವಾಸ್ಯೆಯ ದಿನ ಆಟವಿರಬೇಕಾಗಿತ್ತು. ಆ ದಿನ ಬೆಳಿಗ್ಗೆ ಹುಸೇನಮ್ಮನ ಗದ್ದೆಗೆ ನೀರು ಮುಟ್ಟಿತು. ಅವಳು ಹೇಳಿಕಳಿಸಿದಳು. ಜಂಬಣ್ಣ ಆದಮ್ಮನನ್ನು ಕರೆದುಕೊಂಡು ಹೋದ. ತಲೆಗೆ ಕಿರೀಟವಿಲ್ಲ, ಮುಖಕ್ಕೆ ಬಣ್ಣವಿಲ್ಲ, ಬಗಲಲ್ಲಿ ತಾಳದ ಜೋಡಿ ಒಂದೇ. ಬದುವಿನ ಮೇಲೆ ಡೇರೆಯಲ್ಲಿದ್ದವರೆಲ್ಲ ಬಂದು ಕೂತಿದ್ದರು. ಅರ್ಧ ಪೈರು ಸತ್ತಿತ್ತು, ಅರ್ಧ ಉಳಿಯುವಂತಿತ್ತು. ಬುಡದಲ್ಲಿ ನೀರು ಕೆಂಪಗೆ ಹರಿದಾಡುತ್ತಿತ್ತು. ಜಂಬಣ್ಣ ಚಪ್ಪಲಿ ಬಿಟ್ಟು ಆ ನೀರಿನಲ್ಲಿ ನಿಂತ. ನೆಲ ಕುಡಿಯುವ ಸಪ್ಪಳ ಕೇಳಿ ಅವನಿಗೆ ಸಂತೋಷವಾಯಿತು. ತನ್ನ ಆಟ ರಂಗಕ್ಕೇರದ ದುಃಖವೂ ಇತ್ತು. ಎರಡೂ ಒಟ್ಟಿಗೇ ಇದ್ದವು.

ತಾಳ ಎತ್ತುವಷ್ಟರಲ್ಲಿ ಏರಿಯ ಮೇಲಿಂದ ಒಬ್ಬ ಮನುಷ್ಯ ಇಳಿದು ಬರುವುದು ಕಾಣಿಸಿತು. ಜತೆಗೆ ಆಳಿಲ್ಲ. ಹತ್ತಿರ ಬಂದಾಗ ನೋಡಿದರೆ ಬಸವಂತರಾಯ. ಡೇರೆಯಿಂದ ಎದ್ದು ಹೋದಂದಿನಿಂದ ಅವನಿಗೆ ಊಟ ರುಚಿಸುತ್ತಿಲ್ಲ, ಮಂಗಳ ಬಿಟ್ಟು ಬಂದೆನೆಂಬ ಚಿಂತೆ ಹತ್ತಿದೆ ಎಂದು ಆಳುಗಳ ಬಾಯಿಂದ ಊರಿಗೆ ಸುದ್ದಿಯಾಗಿತ್ತು. ಮೋರೆ ಗಂಟು ಹಾಕಿಕೊಂಡೇ ಬಂದು ಬದುವಿನ ತುದಿಗೆ ನಿಂತ. ಎಲ್ಲರೂ ಜಂಬಣ್ಣನನ್ನು ನೋಡಿದರು.

ಜಂಬಣ್ಣ ತಾಳ ಕೆಳಗಿಳಿಸಿದ. ಎಡಗೈ ಸೊಂಟದ ಮೇಲಿಟ್ಟ. ಗೇಲಿ ಮಾಡಲಿಕ್ಕಲ್ಲ, ಸಿಟ್ಟಿನಿಂದಲೂ ಅಲ್ಲ, ರಂಗದ ಮೇಲೆ ಯಾರಿಗೆ ಕೇಳಿದರೂ ಕೇಳುವ ಹಾಗೆಯೇ ಕೇಳಿದ.

“ಬಂದಂಥವರು ತಾವು ದಾರು?”

ಬಸವಂತರಾಯ ನೀರನ್ನು ನೋಡಿದ. ಆಟ ನೋಡುತ್ತಲೇ ಮುದುಕನಾದವನು, ಸಾರಥಿಗೆ ಏನು ಹೇಳಬೇಕೆಂಬುದು ಅವನಿಗೆ ಯಾರೂ ಕಲಿಸಬೇಕಿರಲಿಲ್ಲ.

“ಪೈಪು ಹಾಕಿದಾಂವ” ಎಂದ. “ಮಂಗಳಕ್ಕ ಬಂದೀನಿ.”

ಹುಸೇನಮ್ಮ ಸ್ವಲ್ಪ ಸರಿದು ಬದುವಿನ ಮೇಲೆ ಜಾಗ ಮಾಡಿದಳು. ಬಸವಂತರಾಯ ಚಪ್ಪಲಿ ಬಿಟ್ಟು ಕೂತ. ಜಂಬಣ್ಣ ತಾಳ ತಟ್ಟಿ ಮಂಗಳ ಶುರು ಮಾಡಿದ.